ಎರಡನೆಯ ದಿನದ ಫೋನು

“ಹೆಸರು ಹೇಳು ಚಿನ್ನಾ. ನಿಂದಲ್ಲ, ಅವಳ್ದು,” ಎಂದು ಆಸ್ಪತ್ರೆಯ ಗಾಜಿನ ಕಿಂಡಿಯ ಹಿಂದೆ ಕೂತಿದ್ದ ಹೆಂಗಸು ಮೂರನೆಯ ಸಲ ಕೇಳಿದಳು. ಅವಳ ಎದೆಯ ಮೇಲಿನ ಬಿಲ್ಲೆಯಲ್ಲಿ ಶುಲಾ ಎಂದು ಬರೆದಿತ್ತು. ದಪ್ಪ ಮೈ, ಬಣ್ಣ ಹಚ್ಚಿದ ಕೆಂಪು ಕೂದಲು, ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಅರ್ಧ ಕಚ್ಚಿದ ಸೌತೆಕಾಯಿ. ಬೆಳಗಿನಿಂದ ಊಟಕ್ಕೆ ಏಳಲೂ ಪುರುಸೊತ್ತು ಸಿಕ್ಕಿರಲಿಲ್ಲವೇನೋ.

ಪೆನಿನಾ ಒಂದೇ ಚಪ್ಪಲಿಯಲ್ಲಿ ನಿಂತಿದ್ದಳು. ಇನ್ನೊಂದು ಬಸ್ಸಿನಲ್ಲೇ ಉಳಿದಿತ್ತು. ಅಂಗಿಯ ತೋಳಿಗೆ ಮೆತ್ತಿದ್ದ ರಕ್ತ ಅವಳದಲ್ಲ. ಅವಳಿಗೆ ಮೊಣಕೈ ತರಚಿತ್ತು, ಅಷ್ಟೇ. ಹೆಸರು ಗೊತ್ತಿಲ್ಲದೆ ಏನು? ಅಡೀನಾ ಕ್ರೋನ್. ಹದಿನೇಳು ವರ್ಷ. ನ್ಯೂಜೆರ್ಸಿಯಲ್ಲಿ ಇಬ್ಬರದೂ ಒಂದೇ ಬೀದಿ, ಒಂದೇ ಶಾಲೆ, ಈಗ ಜೆರುಸಲೇಮಿನ ಹಾಸ್ಟೆಲಿನಲ್ಲಿ ಒಂದೇ ಕೋಣೆ. ಆದರೆ ಹೆಸರು ಬಾಯಿಂದ ಬಿದ್ದರೆ ಅದು ಈ ಕಿಂಡಿಯಿಂದ ಶಾಲೆಗೆ ಹೋಗುತ್ತದೆ, ಶಾಲೆಯಿಂದ ಊರಿಗೆ ಹೋಗುತ್ತದೆ, ಊರಿನಲ್ಲಿ ಅಮ್ಮನ ಕಿವಿಗೆ ಹೋಗುತ್ತದೆ.

“ಅವಳ್ಯಾರೋ ಗೊತ್ತಿಲ್ಲ ಅಂತ ಮಾತ್ರ ಹೇಳ್ಬೇಡ,” ಎಂದಳು ಶುಲಾ. “ಆಂಬುಲೆನ್ಸಲ್ಲಿ ಅವಳ ಕೈ ಹಿಡ್ಕೊಂಡು ಬಂದೋಳು ನೀನೇ. ನಾನು ನೋಡ್ದೆ.”

“ಅಡೀನಾ,” ಎಂದಳು ಪೆನಿನಾ. “ಅಡೀನಾ ಕ್ರೋನ್.”

“ಹ್ಞಾ, ಈಗ ಬಾಯಿ ಬಂತು ನೋಡು. ಅಮೆರಿಕದವ್ರಾ?”

“ಹೂಂ.”

ಶುಲಾಳ ಪೆನ್ನು ನಿಂತಿತು. ಅವಳು ಹುಡುಗಿಯ ಉದ್ದ ಲಂಗವನ್ನು ನೋಡಿದಳು, ಗೋಡೆಯ ಕ್ಯಾಲೆಂಡರನ್ನು ನೋಡಿದಳು, ಮತ್ತೆ ಲಂಗವನ್ನು ನೋಡಿದಳು. “ಅಲ್ಲ ಕಣೇ, ನಿಮಗೆ ಇವತ್ತೂ ಹಬ್ಬ ಅಲ್ವಾ? ಬಸ್ಸಲ್ಲಿ ಏನ್ ಮಾಡ್ತಿದ್ರಿ?” ಎಂದಳು.

ಎಡವಟ್ಟಾಗಿದ್ದೇ ಅಲ್ಲಿ. ಯಹೂದಿಗಳ ಶವುವೋತ್ ಹಬ್ಬ ಈ ದೇಶದವರಿಗೆ ಒಂದೇ ದಿನ, ಹೊರಗಿನವರಿಗೆ ಎರಡು. ವರ್ಷದ ಮಟ್ಟಿಗೆ ಓದಲು ಬಂದ ಹುಡುಗಿಯರು ವಾಪಸು ಹೋಗುವವರೇ ಆದ್ದರಿಂದ ಅವರೂ ಹೊರಗಿನವರೇ. ಊರೆಲ್ಲ ಅಂಗಡಿ ತೆಗೆದು, ಬಸ್ಸು ಹತ್ತಿ, ಫೋನಿನಲ್ಲಿ ಜಗಳವಾಡುತ್ತಿರುವಾಗ ಇವರು ಮಾತ್ರ ದುಡ್ಡು ಮುಟ್ಟದೆ, ಫೋನು ಎತ್ತದೆ, ದೀಪದ ಗುಂಡಿ ಒತ್ತದೆ, ಗಾಡಿ ಹತ್ತದೆ ಹಾಸ್ಟೆಲಿನ ತಾರಸಿಯ ಮೇಲೆ ಕೂತು ಕೆಳಗಿನ ರಸ್ತೆ ನೋಡುತ್ತಿರಬೇಕು. ಆಹಾ, ಆ ಒಂದು ದಿನ ಕಳೆಯುವುದು ಎಂದರೆ! ಅನುಭವಿಸಿದವರಿಗೇ ಗೊತ್ತು. ಹದಿನೆಂಟರ ಹುಡುಗಿಗೆ ಅದು ಜೈಲಿನ ಹಾಗೇ ಕಂಡರೆ ನಾನಂತೂ ತಪ್ಪು ಹೇಳುವುದಿಲ್ಲ.

ಇನ್ನೆರಡು ವಾರಕ್ಕೆ ವಿಮಾನವಿತ್ತು. ಶಾಲೆಯವರು ಹತ್ತು ತಿಂಗಳಲ್ಲಿ ಮರುಭೂಮಿ ತೋರಿಸಿದ್ದರು, ಬೆಟ್ಟ ಹತ್ತಿಸಿದ್ದರು, ಗೋರಿಗಳ ಮುಂದೆಲ್ಲ ನಿಲ್ಲಿಸಿದ್ದರು. ಸಮುದ್ರದ ದಂಡೆಗೆ ಮಾತ್ರ ಬಿಟ್ಟಿರಲಿಲ್ಲ, ಅಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಈಜುತ್ತಾರೆಂದು. “ಬರೀ ನೋಡ್ಕೊಂಡು ಬರೋಣ ಕಣೇ,” ಎಂದು ಅಡೀನಾಳ ತಲೆ ತಿಂದವಳು ಪೆನಿನಾಳೇ. “ಬೆಳಿಗ್ಗೆ ಹೋಗಿ ಸಂಜೆಯೊಳಗೆ ವಾಪಸ್. ಯಾರಿಗ್ ಗೊತ್ತಾಗುತ್ತೆ? ಮನೆಯಿಂದ ಫೋನ್ ಬರಲ್ಲ, ಅಲ್ಲೂ ಹಬ್ಬ. ಶಾಲೇಲಿ ಹಾಜರಿ ಇಲ್ಲ, ಇಲ್ಲೂ ಹಬ್ಬ. ಇಡೀ ವರ್ಷದಲ್ಲಿ ಇಂಥಾ ದಿನ ಇನ್ನೊಂದಿಲ್ಲ.” ಭಲೇ ಬುದ್ಧಿವಂತೆ!

ಅಡೀನಾ ಬಂದಿದ್ದು ಅರ್ಧ ಮನಸ್ಸಿನಿಂದ. ಅವಳು ದುಡ್ಡು ಮುಟ್ಟಲಿಲ್ಲ. ಎರಡೂ ಟಿಕೇಟು ಪೆನಿನಾಳೇ ಕೊಂಡಳು. ಬಸ್ಸು ನಿಲ್ಲಿಸುವ ಗುಂಡಿ ಒತ್ತಲಿಲ್ಲ; ಬೇರೆ ಯಾರಾದರೂ ಒತ್ತುವವರೆಗೆ ಕಾದಳು. ನೀರಿನ ಅಂಚಿನಲ್ಲಿ ಲಂಗವನ್ನು ಎರಡು ಬೆರಳಷ್ಟೇ ಎತ್ತಿ ಹಿಡಿದು ಪಾದ ತೋಯಿಸಿಕೊಂಡು, ಅಲೆ ಬಂದಾಗಲೆಲ್ಲ ಚಿಕ್ಕ ಮಗುವಿನಂತೆ ಕಿರುಚಿ ನಕ್ಕಳು. ವಾಪಸು ಬರುವಾಗ ಬೆಟ್ಟದ ಏರಿನಲ್ಲಿ, ತಿರುವಿನ ಆಚೆ, ಕಲ್ಲು ಹೇರಿದ ಲಾರಿಯೊಂದು ಕೆಟ್ಟು ನಿಂತಿತ್ತು. ಬಸ್ಸು ಅದರ ಬೆನ್ನಿಗೆ ಹೋಗಿ ಬಡಿಯಿತು.

ಗಾಜು ಉದುರಿತು. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: “ಬಾಂಬಾ? ಆಕ್ಸಿಡೆಂಟಾ?” ಆಕ್ಸಿಡೆಂಟು ಎಂದು ಡ್ರೈವರ್ ಕೂಗಿದಾಗ, ಹಣೆಯಿಂದ ರಕ್ತ ಸುರಿಯುತ್ತಿದ್ದ ಮುದುಕನೊಬ್ಬ, “ಸದ್ಯ, ದೇವರು ದೊಡ್ಡವನು,” ಎಂದು ನಿಟ್ಟುಸಿರು ಬಿಟ್ಟ. ಅಡೀನಾಳಿಗೆ ಹೊರಗೆ ಒಂದು ಗೀರೂ ಇರಲಿಲ್ಲ. ಮುಂದಿನ ಸೀಟಿನ ಕಂಬಿ ಹೊಟ್ಟೆಗೆ ಹೊಡೆದಿತ್ತು, ಅಷ್ಟೇ ಎಂದುಕೊಂಡಿದ್ದರು. ಪಕ್ಕದವನ ರಕ್ತ ಒರೆಸಲೂ ಅವಳೇ ಕೈಚಾಚಿದ್ದಳು. ಆಂಬುಲೆನ್ಸಿನಲ್ಲಿ ಮಲಗಿಸುವ ಹೊತ್ತಿಗೆ ಅವಳ ತುಟಿ ಬೆಳ್ಳಗಾಗಿತ್ತು. ಪೆನಿನಾಳ ಕೈ ಹಿಡಿದು ಅವಳು ಹೇಳಿದ್ದು ಒಂದೇ ಮಾತು: “ಅಮ್ಮಂಗೆ ಹೇಳ್ಬೇಡ ಕಣೇ.”

ಒಳಗಿನ ಬಾಗಿಲು ತಳ್ಳಿಕೊಂಡು ಎತ್ತರದ ವೈದ್ಯನೊಬ್ಬ ಬಂದ. ಮುಖಗವಸು ಗದ್ದದ ಕೆಳಗೆ ಇಳಿದಿತ್ತು. ಅರಿವಳಿಕೆ ಕೊಡುವ ಡಾಕ್ಟರ್ ಮತ್ತಾರ್ ಎಂದು ಶುಲಾ ಹೇಳುವಷ್ಟರಲ್ಲಿ ಅವನೇ ಕೇಳಿದ: “ಆ ಅಮೆರಿಕದ ಹುಡುಗಿ ಜೊತೆ ಬಂದೋರ್ಯಾರು?”

“ಇವಳೇ,” ಎಂದಳು ಶುಲಾ.

“ನೋಡಮ್ಮ, ಹೊಟ್ಟೆ ಒಳಗೆ ರಕ್ತ ಸೋರ್ತಿದೆ. ಈಗ್ಲೇ ಆಪರೇಷನ್ ಆಗ್ಬೇಕು. ಪ್ರಜ್ಞೆ ತಪ್ಪೋಕೆ ಮುಂಚೆ ಅವಳೊಂದು ಮಾತು ಹೇಳಿದ್ಲು. ಚಿಕ್ಕೋಳಿದ್ದಾಗ ಯಾವುದೋ ಆಪರೇಷನ್ನಲ್ಲಿ ಒಂದು ಮದ್ದು ಒಗ್ಗದೆ ಸಾಯೋ ಹಾಗಾಗಿತ್ತಂತೆ. ಯಾವ ಮದ್ದು ಅದು?”

ಪೆನಿನಾಳಿಗೆ ಆ ಕತೆ ಗೊತ್ತಿತ್ತು, ಬೀದಿಗೇ ಗೊತ್ತಿತ್ತು. ಅಡೀನಾಳಿಗೆ ಆಗ ಆರು ವರ್ಷ. ಗಂಟಲಿನ ಗಂಟು ತೆಗೆಸಲು ಹೋದವಳು ಎರಡು ದಿನ ಕಣ್ಣು ತೆರೆದಿರಲಿಲ್ಲ. ಬೀದಿಯ ಹೆಂಗಸರೆಲ್ಲ ಸರದಿಯ ಮೇಲೆ ಕೂತು ದಾವೀದನ ಕೀರ್ತನೆಗಳನ್ನು ಓದಿದ್ದರು. ಆದರೆ ಮದ್ದಿನ ಹೆಸರನ್ನು ಯಾರು ಕೇಳಿದ್ದರು? “ಅವಳಮ್ಮಂಗೆ ಗೊತ್ತು,” ಎಂದಳು. “ಚೀಟಿ ಇಟ್ಕೊಂಡಿದಾರೆ.”

“ಹಾಗಾದ್ರೆ ಅವರಮ್ಮನ್ನ ಕೇಳಿ ಹೇಳು.”

“ಗೊತ್ತಿಲ್ದಿದ್ರೆ ಏನಾಗುತ್ತೆ?”

ಮತ್ತಾರ್ ಗಡಿಯಾರ ನೋಡಿದ. ಅವನ ಮಾತಿನಲ್ಲಿ ಸಿಡುಕಿರಲಿಲ್ಲ, ಅವಸರವಿತ್ತು. “ನನ್ನ ಹತ್ರ ಹತ್ತು ಮದ್ದು ಇದೆ. ಅದರಲ್ಲಿ ಒಂದು ಅವಳನ್ನ ಕೊಲ್ಲುತ್ತೆ. ಒಂದೆರಡು ಬಿಡಬಹುದು, ಹತ್ತೂ ಬಿಡೋಕಾಗಲ್ಲ. ರಕ್ತ ಏರಿಸ್ತಾ ಕಾಲು ಗಂಟೆ ತಳ್ತೀನಿ. ಆಮೇಲೆ ಗೊತ್ತಿರಲಿ, ಗೊತ್ತಿಲ್ದಿರಲಿ, ಶುರು ಮಾಡಲೇಬೇಕು.” ಅವನು ಒಳಗೆ ಹೋದ. ಬಾಗಿಲು ಎರಡು ಸಲ ಅಲ್ಲಾಡಿ ನಿಂತಿತು.

“ಶಾಲೆಯೋರ ಹತ್ರ ಕಾಗದ ಇರುತ್ತಲ್ಲ,” ಎಂದು ಶುಲಾ ನಂಬರು ಕೇಳಿ ತಿರುಗಿಸಿದಳು. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಹೊಡೆದುಕೊಳ್ಳದೆ ಏನು? ಹಾಸ್ಟೆಲಿನ ಅರವತ್ತು ಹುಡುಗಿಯರೂ ಹಬ್ಬದವರು, ಆಫೀಸಿಗೆ ಬೀಗ, ಕಾರಿಡಾರಿನಲ್ಲಿ ಫೋನು ಬಡಿದುಕೊಂಡರೂ ಯಾರೂ ಎತ್ತುವುದಿಲ್ಲ. ಯಾರೂ ಎತ್ತಲಿಲ್ಲವೆಂದು ಶುಲಾ ತಲೆಯಾಡಿಸಿದಾಗ ಪೆನಿನಾಳ ಎದೆ ಒಂದು ಚೂರು ಹಗುರಾಯಿತು. ಮರುಕ್ಷಣವೇ ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಒಳಗೆ ಗೆಳತಿ ಸಾಯುತ್ತಿದ್ದಾಳೆ, ನೀನಿಲ್ಲಿ ಮರ್ಯಾದೆ ಉಳಿಯಿತೆಂದು ಉಸಿರು ಬಿಡುತ್ತೀಯಾ?

“ಮನೆ ನಂಬರ್ ಹೇಳು.”

ಹೇಳಿದಳು. ಅದನ್ನು ನೆನಪಿಸಿಕೊಳ್ಳಬೇಕಾಗಿರಲಿಲ್ಲ. ಇಲ್ಲಿ ಸಂಜೆ ನಾಲ್ಕೂಕಾಲು, ಅಲ್ಲಿ ಬೆಳಗಿನ ಒಂಬತ್ತೂಕಾಲು. ಮಿಸ್ಟರ್ ಕ್ರೋನ್ ಗಂಡುಮಕ್ಕಳನ್ನು ಕರೆದುಕೊಂಡು ಪ್ರಾರ್ಥನಾಮಂದಿರಕ್ಕೆ ಹೋಗಿರುತ್ತಾರೆ. ಮಿಸೆಸ್ ಕ್ರೋನ್ ಅಡುಗೆಮನೆಯಲ್ಲಿ ಚಿಕ್ಕ ಮಗುವಿಗೆ ತಿನ್ನಿಸುತ್ತಿರುತ್ತಾರೆ. ಅವರಿಗೆ ಮಗಳನ್ನು ಈ ವರ್ಷಕ್ಕೆ ಕಳಿಸುವ ಮನಸ್ಸೇ ಇರಲಿಲ್ಲ. “ಅಷ್ಟು ದೂರ, ಏನಾದ್ರೂ ಆದ್ರೆ?” ಎಂದು ಆರು ತಿಂಗಳು ತಳ್ಳಿದ್ದರು. ಕೊನೆಗೆ ಒಪ್ಪಿದ್ದು, “ಪೆನಿನಾ ಜೊತೆಗಿರ್ತಾಳಲ್ಲ, ಬಿಡು,” ಎಂದು. ವಿಮಾನ ನಿಲ್ದಾಣದಲ್ಲಿ ಪೆನಿನಾಳ ಎರಡೂ ಕೈ ಹಿಡಿದು, “ಅವಳು ನಿನ್ನ ಜವಾಬ್ದಾರಿ,” ಎಂದಿದ್ದರು. ಪಕ್ಕದಲ್ಲಿ ನಿಂತಿದ್ದ ಪೆನಿನಾಳ ಅಮ್ಮ ಹೆಮ್ಮೆಯಿಂದ, “ಇವಳಿದ್ದರೆ ನೀನು ನಿಶ್ಚಿಂತೆಯಿಂದ ನಿದ್ದೆ ಮಾಡು ರೀವಾ,” ಎಂದು ಸೇರಿಸಿದ್ದರು.

ಶುಲಾ ಕಿವಿಗೊಟ್ಟು ಕೇಳಿ ಫೋನಿಟ್ಟಳು. “ಟೇಪು ಮಾತಾಡ್ತಿದೆ. ಯಾರೂ ಮನೇಲಿಲ್ಲ.”

ಈಗ ಪೆನಿನಾ ಬಾಯಿ ಮುಚ್ಚಿಕೊಂಡಿದ್ದರೆ ಮುಗಿದೇ ಹೋಗುತ್ತಿತ್ತು. ಯಾರೂ ಮನೆಯಲ್ಲಿಲ್ಲ, ಪ್ರಯತ್ನ ಮಾಡಿದೆವು, ಸಿಗಲಿಲ್ಲ. ನಾಳೆ ಯಾರೂ ಅವಳನ್ನು ಕೇಳುವಂತಿರಲಿಲ್ಲ. ಡಾಕ್ಟರು ಹೇಗೂ ಒಂದೆರಡು ಮದ್ದು ಬಿಡುತ್ತೇನೆ ಎಂದಿದ್ದಾನಲ್ಲ, ಬಿಟ್ಟಿದ್ದರಲ್ಲಿ ಆ ಕೆಟ್ಟದ್ದೂ ಇರಬಹುದಲ್ಲ, ಹತ್ತರಲ್ಲಿ ಒಂದು ತಾನೇ ಎಂದು ಅವಳ ತಲೆ ಲೆಕ್ಕ ಹಾಕಿತು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಗೋಡೆಯ ಗಡಿಯಾರದ ಪ್ರಕಾರ ಒಂದು ನಿಮಿಷಕ್ಕಿಂತ ಕಡಿಮೆ. ಆಮೇಲೆ ಎಷ್ಟೋ ವರ್ಷ ಅವಳನ್ನು ನಿದ್ದೆಯಲ್ಲಿ ಬೆಚ್ಚಿಬೀಳುವಂತೆ ಮಾಡಿದ್ದು ಬಸ್ಸಲ್ಲ, ಆ ನಿಮಿಷ.

“ಇದಾರೆ,” ಎಂದಳು. “ಮನೇಲೇ ಇದಾರೆ. ಎತ್ತಲ್ಲ. ಅಲ್ಲಿ ಇವತ್ತೂ ಹಬ್ಬ.”

ಶುಲಾ ಹಣೆ ಚಚ್ಚಿಕೊಂಡಳು. “ಅಯ್ಯೋ ನನ್ನ ಕರ್ಮವೇ! ಜೀವ ಹೋಗ್ತಿರೋವಾಗ ಎತ್ತಬಹುದಲ್ವೇನೇ? ನಾನೇನೂ ಅಷ್ಟು ಮಡಿಯೋಳಲ್ಲ, ನನಗೇ ಗೊತ್ತು ಅದು.”

“ಜೀವ ಹೋಗ್ತಿದೆ ಅಂತ ಅವರಿಗೆ ಗೊತ್ತಾಗ್ಬೇಕಲ್ಲ.”

“ಗೊತ್ತು ಮಾಡು ಮತ್ತೆ! ಟೇಪಿಗೆ ಹೇಳು, ಮನೆಯೊಳಗೆ ಕೇಳ್ಸುತ್ತೆ ತಾನೇ? ನನ್ನ ಇಂಗ್ಲಿಷಲ್ಲಿ ನಾನು ಕಾಫಿ ಕೇಳಿದ್ರೆ ಸೋಪು ತಂದುಕೊಡ್ತಾರೆ. ನೀನೇ ಹೇಳು.” ಅವಳು ಮತ್ತೆ ನಂಬರು ತಿರುಗಿಸಿ, ರಿಸೀವರನ್ನು ಕಿಂಡಿಯ ತೂತಿನಿಂದ ಹೊರಗೆ ತುರುಕಿದಳು.

ಕೇಳಿಸುತ್ತದೆ. ಅದು ಪೆನಿನಾಳಿಗೆ ಚೆನ್ನಾಗಿ ಗೊತ್ತು. ಯಾರೂ ಫೋನೆತ್ತದಿದ್ದಾಗ ಮಾತು ಹಿಡಿದಿಡುವ ಟೇಪಿನ ಡಬ್ಬಿ ಕ್ರೋನ್ ಮನೆಯಲ್ಲಿ ಫ್ರಿಜ್ಜಿನ ಮೇಲಿದೆ. ಯಾರು ಮಾತಾಡಿದರೂ ಅಡುಗೆಮನೆ ತುಂಬ ಕೇಳುತ್ತದೆ. ಎಷ್ಟೋ ಹಬ್ಬದ ಊಟದ ನಡುವೆ ಹಲ್ಲಿನ ಡಾಕ್ಟರ ಗುಮಾಸ್ತೆಯೋ, ನಲ್ಲಿ ರಿಪೇರಿಯವನೋ ಆ ಡಬ್ಬಿಯೊಳಗಿಂದ ಗೊಣಗಿದ್ದನ್ನು ಅವಳೂ ಅಡೀನಾಳೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ ಕೇಳಿದ್ದರು. ಈಗ ಮಿಸ್ಟರ್ ಕ್ರೋನ್ ಅವರ ನಿಧಾನದ ದನಿ, ನಾವು ಈಗ ಫೋನಿಗೆ ಬರುವಂತಿಲ್ಲ ಎಂದಿತು. ಆಮೇಲೆ ಕೀಂ ಎಂಬ ಸದ್ದು.

ಪೆನಿನಾ ಬಾಯಿ ತೆರೆದಳು. ತನ್ನ ದನಿ ಹೊರಟರೆ ಆ ಅಡುಗೆಮನೆಯಲ್ಲಿ ಎಲ್ಲ ಒಂದೇ ಏಟಿಗೆ ತಿಳಿಯುತ್ತದೆ. ಹೊರಟಿದ್ದು ಬೇರೆಯೇ ದನಿ. ಮೂಗಿನಿಂದ, ಒರಟಾಗಿ, ಶುಲಾಳಂಥವರು ಮಾತಾಡುವ ಮುರುಕು ಇಂಗ್ಲಿಷಿನಲ್ಲಿ ಅವಳು ಹೇಳಿದಳು: “ಹಲೋ, ನಾವು ಜೆರುಸಲೇಮಿನ ಆಸ್ಪತ್ರೆಯಿಂದ ಮಾತಾಡ್ತಿರೋದು. ಬಹಳ ಮುಖ್ಯ ವಿಷಯ. ಒಬ್ಬ ಹುಡುಗಿಗೆ ಸಹಾಯ ಬೇಕಿದೆ. ದಯವಿಟ್ಟು ಫೋನ್ ಎತ್ತಿ. ದಯವಿಟ್ಟು, ಒಂದು ಜೀವ...” ಶುಲಾ ಕಣ್ಣರಳಿಸಿ ಅವಳನ್ನೇ ನೋಡುತ್ತಿದ್ದಳು. ಟೇಪು ಮತ್ತೆ ಕೀಂ ಎಂದು ಕೂಗಿ ಲೈನು ಕಡಿಯಿತು. ಯಾರೂ ಎತ್ತಿರಲಿಲ್ಲ.

ಯಾಕೆ ಎತ್ತಲಿಲ್ಲವೆಂದು ಪೆನಿನಾಳಿಗೆ ತಕ್ಷಣ ಹೊಳೆಯಿತು. ಚಂದಾ ಕೇಳುವವರೆಂದುಕೊಂಡರು! ಜೆರುಸಲೇಮಿನ ಆಸ್ಪತ್ರೆ, ಜೆರುಸಲೇಮಿನ ಅನಾಥಾಶ್ರಮ, ಜೆರುಸಲೇಮಿನ ಬಡ ಹುಡುಗಿಯ ಮದುವೆ. ಆ ಬೀದಿಯ ಎಲ್ಲ ಮನೆಗೂ ತಿಂಗಳಿಗೆ ಇಪ್ಪತ್ತು ಫೋನು ಬರುತ್ತದೆ, ಎಲ್ಲವೂ ಬಹಳ ಮುಖ್ಯ, ಎಲ್ಲದರಲ್ಲೂ ಒಂದು ಜೀವ. ಎರಡನೆಯ ದಿನವಂತೂ ಹೆಚ್ಚೇ. ಜೆರುಸಲೇಮಿನವರಿಗೆ ಹಬ್ಬ ಮುಗಿದಿರುತ್ತದೆ, ಇವರಿಗೆ ಮುಗಿದಿಲ್ಲವೆಂಬುದು ಮರೆತಿರುತ್ತದೆ. ಮಿಸೆಸ್ ಕ್ರೋನ್ ಚಮಚ ಮಗುವಿನ ಬಾಯಿಗಿಡುತ್ತ, “ಹಬ್ಬದ ದಿನಾನೂ ಬಿಡಲ್ಲ ನೋಡು ಇವರು, ಪಾಪ, ನಾಳೆ ಏನಾದ್ರೂ ಕಳಿಸೋಣ,” ಎನ್ನುತ್ತಿರುತ್ತಾರೆ. ಆ ಮಾತನ್ನು ಅದೇ ಮೇಜಿನಲ್ಲಿ ಕೂತು ಅವಳು ಎಷ್ಟು ಸಲ ಕೇಳಿರಲಿಲ್ಲ!

“ಏನೇ ಅದು ನಾಟಕ?” ಶುಲಾ ಗಾಜಿಗೆ ಮುಖ ಹತ್ತಿರ ತಂದಳು. “ನನ್ನ ಹಾಗೆ ಮಾತಾಡಿದ್ಯಲ್ಲ? ಯಾರಿಗೆ ಹೆದರ್ತಿದೀಯಾ ನೀನು?”

“ಅಮ್ಮಂಗೆ,” ಎಂದಳು ಪೆನಿನಾ. ಹೇಳುತ್ತಿದ್ದಂತೆ ಅಳು ಬಂತು. “ನಾನೇ ಅವಳನ್ನ ಕರ್ಕೊಂಡು ಬಂದಿದ್ದು.”

ಶುಲಾ ಸೌತೆಕಾಯಿ ಕೆಳಗಿಟ್ಟಳು. ಬೈಯುತ್ತಾಳೆಂದು ಪೆನಿನಾ ಕಾದಳು. “ಏಳು ನಿಮಿಷ ಇದೆ,” ಎಂದಳು ಶುಲಾ, ಮತ್ತೆ ನಂಬರು ತಿರುಗಿಸಿದಳು.

ಮಿಸ್ಟರ್ ಕ್ರೋನ್ ಅವರ ದನಿ. ಕೀಂ.

“ಮಿಸೆಸ್ ಕ್ರೋನ್, ನಾನು ಪೆನಿನಾ. ಪೆನಿನಾ ಗೆಲ್ಬ್,” ಎಂದಳು. ಈ ಸಲ ಅವಳದೇ ದನಿ. “ಆಗ ಮಾತಾಡಿದ್ದೂ ನಾನೇ. ಚಂದಾ ಅಲ್ಲ. ಫೋನ್ ಎತ್ತಿ. ಎತ್ತಬಹುದು, ಜೀವದ ಪ್ರಶ್ನೆ, ಎತ್ತಲೇಬೇಕು. ಅಡೀನಾ ಆಸ್ಪತ್ರೇಲಿದಾಳೆ. ಬಸ್ ಆಕ್ಸಿಡೆಂಟು. ಹೂಂ, ಬಸ್ಸಲ್ಲಿ ಹೋಗಿದ್ವಿ, ಇವತ್ತೇ, ನಾನೇ ಕರ್ಕೊಂಡು ಹೋಗಿದ್ದು, ನಾನೇ ಬಲವಂತ ಮಾಡಿದ್ದು. ಅವಳು ದುಡ್ಡು ಮುಟ್ಲಿಲ್ಲ ಮಿಸೆಸ್ ಕ್ರೋನ್. ಒಂದ್ ಗುಂಡೀನೂ ಒತ್ಲಿಲ್ಲ. ಅವಳಿಗೆ ಒಗ್ಗದ ಆ ಮದ್ದು ಯಾವುದು ಅಂತ ಕೇಳ್ತಿದಾರೆ, ಹೆಸರು ಬೇಕು, ಈಗ್ಲೇ ಬೇಕು, ದಯವಿಟ್ಟು...”

ಖಟ್ ಎಂದಿತು. ಒಂದು ಕ್ಷಣ ಟೇಪಿನ ಸಿಳ್ಳು ಕೇಳಿ ನಿಂತಿತು. ಆಮೇಲೆ ಯಾರೋ ಉಸಿರಾಡುವ ಸದ್ದು.

“ಉಸಿರಾಡ್ತಿದಾಳಾ?” ಎಂದರು ಮಿಸೆಸ್ ಕ್ರೋನ್.

“ಹೂಂ.”

“ತಾಳು.”

ಡ್ರಾಯರು ಎಳೆದ ಸದ್ದು, ಮಗು ಅತ್ತ ಸದ್ದು. ಚಮಚಗಳು ಸುರಿದವು. ಮಿಸೆಸ್ ಕ್ರೋನ್ ವಾಪಸು ಬಂದು ಒಂದೊಂದೇ ಅಕ್ಷರವಾಗಿ ಓದತೊಡಗಿದರು. ಉದ್ದನೆಯ ಹೆಸರು. ಅವರ ದನಿ ಎಲ್ಲೂ ತಡವರಿಸಲಿಲ್ಲ. ಹನ್ನೊಂದು ವರ್ಷದಿಂದ ಈ ಒಂದು ಫೋನಿಗಾಗಿಯೇ ಕಾಯುತ್ತಿದ್ದರು ಎನ್ನುವಂತಿತ್ತು. ಪೆನಿನಾ ಅಕ್ಷರಗಳನ್ನು ಜೋರಾಗಿ ಕೂಗಿದಳು, ಶುಲಾ ಬರೆದುಕೊಂಡಳು, ಎರಡನೆಯ ಸಲ ಓದಿಸಿ ತಾಳೆ ನೋಡಿದಳು, ಚೀಟಿ ಹಿಡಿದು ಆ ದಪ್ಪ ಮೈ ಹೊತ್ತುಕೊಂಡು ಕಾರಿಡಾರಿನಲ್ಲಿ ಓಡಿದಳು. ಕಾಯುತ್ತಿದ್ದ ಜನ ಕಾಲು ಒಳಗೆ ಎಳೆದುಕೊಂಡು ದಾರಿ ಬಿಟ್ಟರು.

“ಕೊಟ್ರಾ?” ಎಂದು ಮಿಸೆಸ್ ಕ್ರೋನ್ ಕೇಳಿದರು.

“ಕೊಡೋಕೆ ಓಡಿದಾರೆ. ಮಿಸೆಸ್ ಕ್ರೋನ್, ನಾನು...”

“ಈಗ ಬೇಡ.” ಆಮೇಲೆ ಅವರು ತಮಗೇ ಹೇಳಿಕೊಳ್ಳುವಂತೆ, “ಎತ್ತಿದ್ದು ಅವಳಿಗೋಸ್ಕರ. ಇಡೋಕೆ ನನಗೆ ಏನ್ ಕಾರಣ ಇದೆ? ನಾನು ಇಡಲ್ಲ. ನೀನೂ ಇಡಬೇಡ,” ಎಂದರು.

ಇಂಥದ್ದೆಲ್ಲ ಹೊರಗಿನವರಿಗೆ ವಿಚಿತ್ರವೆನಿಸಬಹುದು. ಜೀವ ಉಳಿಸಲು ಹಬ್ಬದ ದಿನ ಫೋನು ಎತ್ತಬಹುದು. ಆದರೆ ಕೆಳಗಿಡುವುದು ಇನ್ನೊಂದು ಕೆಲಸ, ಅದರಿಂದ ಯಾರ ಜೀವವೂ ಉಳಿಯುವುದಿಲ್ಲ. ಆದ್ದರಿಂದ ನ್ಯೂಜೆರ್ಸಿಯ ಅಡುಗೆಮನೆಯಲ್ಲಿ ರಿ‍ಸೀವರು ಮೇಜಿನ ಮೇಲೆ ಮಲಗಿತು, ಜೆರುಸಲೇಮಿನಲ್ಲಿ ಪೆನಿನಾಳ ಕಿವಿಗೆ ಅಂಟಿಕೊಂಡಿತು. ಮಿಸೆಸ್ ಕ್ರೋನ್ ಕೀರ್ತನೆ ಓದುವುದು ಕೇಳಿಸಿತು. ಮಧ್ಯೆ ಮಗುವಿಗೆ, “ಇಗೋ ಬಂದೆ,” ಎಂದು ಹೇಳಿ ಮತ್ತೆ ಬಿಟ್ಟಲ್ಲಿಂದ ಹಿಡಿದರು.

ಶುಲಾ ಏದುಸಿರು ಬಿಡುತ್ತ ಬಂದು, “ತಗೊಂಡ. ಹೆಸರು ನೋಡಿ ಅವನ ಮುಖದ ಬಣ್ಣ ಹೋಯ್ತು ಕಣೇ. ಅದನ್ನೇ ಮೊದಲು ಕೊಡ್ತಿದ್ದನಂತೆ,” ಎಂದಳು. ಪೆನಿನಾ ಗೋಡೆಗೆ ಒರಗಿದಳು. ಅದನ್ನು ಫೋನಿನಲ್ಲಿ ಹೇಳಲಿಲ್ಲ.

ಅಲ್ಲಿ ಹತ್ತು ಗಂಟೆ ಆಗಿರಬೇಕು. ಹಬ್ಬದ ಎರಡನೆಯ ದಿನ ಸತ್ತವರನ್ನು ನೆನೆಯುವ ಪ್ರಾರ್ಥನೆಗೆ ಪೆನಿನಾಳ ಅಮ್ಮ ಮಿಸೆಸ್ ಕ್ರೋನ್ ಅವರನ್ನು ಕರೆದುಕೊಂಡೇ ಹೋಗುವುದು. ಅದು ಪೆನಿನಾಳಿಗೆ ಈಗ ನೆನಪಾಯಿತು. ಅಮ್ಮ ಇವತ್ತು ಬರಬಾರದೆಂದು ಬೇಡಿಕೊಂಡಳು. ಅಷ್ಟರಲ್ಲಿ ಬಾಗಿಲು ತೆರೆದ ಸದ್ದು, ಗಟ್ಟಿ ಹಿಮ್ಮಡಿಯ ಬೂಟಿನ ಸದ್ದು, ಸಾವಿರದಲ್ಲೂ ಗುರುತಿಸಬಹುದಾದ ದನಿ: “ರೀವಾ, ಇನ್ನೂ ಹೊರಟಿಲ್ವಾ? ಅಯ್ಯೋ, ಫೋನ್ ಯಾಕೆ ಹೀಗೆ ಬಿದ್ದಿದೆ?”

ಕೀರ್ತನೆ ನಿಂತಿತು. ಮಿಸೆಸ್ ಕ್ರೋನ್ ಮೆಲ್ಲಗೆ ಏನೋ ಹೇಳಿದರು. ಬಹಳ ಹೊತ್ತು ಹೇಳಿದರು. ಒಂದು ಶಬ್ದವೂ ಸ್ಪಷ್ಟವಾಗಿ ಕೇಳಲಿಲ್ಲ. ಪೆನಿನಾ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಇಟ್ಟುಬಿಡಬಹುದಿತ್ತು. ಒಂದು ಬೆರಳು ಸಾಕಿತ್ತು. ಕುರ್ಚಿ ಎಳೆದ ಸದ್ದಾಯಿತು.

“ಪೆನಿನಾ,” ಎಂದರು ಅಮ್ಮ, ಮೇಜಿನ ಮೇಲಿನ ಫೋನಿಗೆ ಬಗ್ಗಿ.

“ಅಮ್ಮಾ.”

“ನಿಂಗೆ ಪೆಟ್ಟಾಗಿದ್ಯಾ?”

“ಇಲ್ಲ.”

“ಸುಳ್ಳು ಹೇಳ್ಬೇಡ.”

“ಮೊಣಕೈ ತರಚಿದೆ. ಅಷ್ಟೇ ಅಮ್ಮಾ, ನಿಜವಾಗ್ಲೂ.”

ಅವಳು ಮುಂದಿನ ಮಾತಿಗೆ ಕಾದಳು. ಬೈದಿದ್ದರೆ ಚೆನ್ನಾಗಿತ್ತು. ಅಮ್ಮ ಮೂಗು ಒರೆಸಿಕೊಂಡ ಸದ್ದು ಮಾತ್ರ ಬಂತು. ಆಮೇಲೆ ಆ ಕಡೆ ಇಬ್ಬರು ಹೆಂಗಸರು ಒಟ್ಟಿಗೆ ಓದತೊಡಗಿದರು, ಒಬ್ಬರದು ಒಂದು ಸಾಲು ಮುಂದೆ, ಇನ್ನೊಬ್ಬರದು ಹಿಂದೆ. ಇಬ್ಬರೂ ಆ ದಿನ ಪ್ರಾರ್ಥನಾಮಂದಿರಕ್ಕೆ ಹೋಗಲಿಲ್ಲ. ಶುಲಾ ಬೇರೆ ಫೋನಿನಲ್ಲಿ ಕೆಲಸ ನಡೆಸಿದಳು. ಬಸ್ಸಿನ ಗಾಯಾಳುಗಳ ಕಡೆಯವರು ಒಬ್ಬೊಬ್ಬರಾಗಿ ಬಂದು, ಅತ್ತು, ತಬ್ಬಿಕೊಂಡು ಹೋದರು. ಪೆನಿನಾಳನ್ನು ಕೇಳಿಕೊಂಡು ಬರುವವರು ಯಾರೂ ಇರಲಿಲ್ಲ. ಅವಳು ಬಸ್ಸಿನಲ್ಲಿದ್ದಳೆಂದು ಯಾರಿಗಾದರೂ ಹೇಗೆ ಹೊಳೆಯಬೇಕು?

ಆರೂವರೆಗೆ ಮತ್ತಾರ್ ಬಂದ. ಅವನು ಬಾಯಿ ತೆರೆಯುವವರೆಗಿನ ಆ ಹತ್ತು ಹೆಜ್ಜೆಯಲ್ಲಿ ಪೆನಿನಾ ಅವನ ಮುಖ ನೋಡಲಾರದೆ ಅವನ ಬೂಟು ನೋಡಿದಳು.

“ಮುಗೀತು,” ಎಂದ. “ರಕ್ತ ನಿಂತಿದೆ. ಆದ್ರೆ ತುಂಬಾ ಹೋಗಿದೆ. ಈ ರಾತ್ರಿ ದಾಟ್ಬೇಕು. ದಾಟಿದ್ರೆ ಹೆದರಿಕೆ ಇಲ್ಲ.”

“ದಾಟ್ತಾಳಾ?”

“ನಾಳೆ ಬೆಳಿಗ್ಗೆ ಕೇಳು.” ಹೋಗುತ್ತ ತಿರುಗಿ ನಿಂತು, “ಆ ಹೆಸರು ಹೇಳಿದೋರಿಗೆ ಥ್ಯಾಂಕ್ಸ್ ಹೇಳು,” ಎಂದ.

ಅವಳು ಫೋನಿನಲ್ಲಿ ಎಲ್ಲವನ್ನೂ ಹೇಳಿದಳು, ಒಂದಕ್ಷರ ಮುಚ್ಚಿಡದೆ. ಈ ರಾತ್ರಿ ದಾಟಬೇಕು ಎಂಬುದನ್ನೂ ಹೇಳಿದಳು. ಮಿಸೆಸ್ ಕ್ರೋನ್ ಕೇಳಿದರು:

“ಈಗ ಅವಳ ಪಕ್ಕದಲ್ಲಿ ಯಾರಿದಾರೆ?”

“ಯಾರೂ ಇಲ್ಲ.”

“ಮತ್ತೆ ನೀನ್ಯಾಕೆ ಫೋನ್ ಹಿಡ್ಕೊಂಡು ನಿಂತಿದೀಯಾ?” ಎಂದರು ಮಿಸೆಸ್ ಕ್ರೋನ್. “ಹೋಗು. ಅವಳ ಹತ್ರ ಕೂತ್ಕೋ. ಕಣ್ಣು ಬಿಟ್ಟಾಗ ಗುರುತಿನ ಮುಖ ಕಾಣ್ಬೇಕು ಅವಳಿಗೆ.”

ಪೆನಿನಾ ರಿಸೀವರನ್ನು ಕಿಂಡಿಯ ಕಟ್ಟೆಯ ಮೇಲೆ, ಕಿವಿಯ ಭಾಗ ಮೇಲೆ ಮಾಡಿ, ಮೆಲ್ಲಗೆ ಮಲಗಿಸಿದಳು. ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು. ತಣ್ಣನೆಯ ನೆಲದ ಮೇಲೆ ಅವಳ ನಡಿಗೆಯ ಸದ್ದು ಒಂದು ಬಿಟ್ಟು ಒಂದು ಕೇಳುತ್ತ ಒಳಗಿನ ಬಾಗಿಲಿನಾಚೆ ಹೋಯಿತು. ಸಂಜೆಯ ಪಾಳಿಗೆ ಬಂದ ಹುಡುಗ ಅಭ್ಯಾಸಬಲದಿಂದ ರಿಸೀವರನ್ನು ಸ್ವಸ್ಥಾನದಲ್ಲಿಡಲು ಕೈ ಚಾಚಿದ. ಶುಲಾ ಅವನ ಕೈ ಹಿಡಿದಳು. ಕೋಟು ತೊಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದವಳು ಮತ್ತೆ ಕುರ್ಚಿ ಎಳೆದು ಅದರ ಪಕ್ಕ ಕೂತಳು. ಆ ಕಪ್ಪು ತೂತುಗಳಿಂದ ಇಬ್ಬರು ಹೆಂಗಸರ ದನಿ ಸಣ್ಣಗೆ ಬರುತ್ತಲೇ ಇತ್ತು. ಸಾಲಿನಲ್ಲಿ ನಿಂತವರು ಕಿಂಡಿಯ ಹತ್ತಿರ ಬಂದಾಗ, ಯಾರೂ ಹೇಳದಿದ್ದರೂ, ಮಾತು ತಗ್ಗಿಸಿದರು.